ಏಳು ಗಂಟೆಯ ಫೋಟೋ

ಜನವರಿ 8, ಬೆಳಿಗ್ಗೆ

ಏಳು ಹೊಡೆಯುವ ಮೊದಲೇ ಬೀದಿ ಗುಡಿಸುವವರಿಂದ ವಾಟ್ಸಾಪ್ ಗ್ರೂಪಿಗೆ ಫೋಟೋ ಬಂತು. ಪೇಟೆ ಬೀದಿ, ಬಸ್ ಸ್ಟಾಪಿನಿಂದ ಕೊನೆಯ ಮರದವರೆಗೆ. ಒಂದು ಎಲೆ ಇಲ್ಲ, ಗುಡ್ಡೆ ಇಲ್ಲ. ಹೊಸ ಕಸದ ಡಬ್ಬಿಗಳು ಸಾಲಾಗಿ ನಿಂತಿವೆ. ದೊಡ್ಡದು ಮಾಡಿ ಮಾಡಿ ನೋಡಿದೆ. ಇವರು ಹೆಗಲ ಮೇಲಿಂದ ಇಣುಕಿ, "ನಮ್ಮ ಮದುವೆ ಫೋಟೋನ ಒಂದಿನ ಆದ್ರೂ ಹೀಗೆ ನೋಡಿದ್ಯಾ?" ಅಂದರು.

ನೋಡದೆ ಏನು? ವರ್ಷಗಟ್ಟಲೆ ಆಫೀಸು ಅಲೆದು, ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡು ತರಿಸಿದ ಡಬ್ಬಿಗಳು. ಹೆಲ್ತ್ ಇನ್ಸ್‌ಪೆಕ್ಟರ್ ಅಂದರೆ ಕಸ ಬಿದ್ದ ಮೇಲೆ ಬೈಯುವವಳು ಅಂತಲೇ ಎಲ್ಲರ ಎಣಿಕೆ. ಹಾಕುವುದಕ್ಕೆ ಜಾಗವೇ ಕೊಡದೆ ಬೈದರೆ ಯಾರು ಕೇಳುತ್ತಾರೆ? ನಿನ್ನೆ ಬಸ್ಸಿನಿಂದ ಇಳಿದವನೊಬ್ಬ ಬಾಳೆಹಣ್ಣು ತಿಂದ. ಸಿಪ್ಪೆ ಎಸೆಯಲು ಕೈ ಎತ್ತಿದವನು ಡಬ್ಬಿ ಕಂಡು ವಾಪಸ್ ನಡೆದು ಬಂದು ಹಾಕಿದ. ಓಡಿಹೋಗಿ ಅವನ ಕೈ ಕುಲುಕೋಣ ಅನ್ನಿಸಿತು.

ಏಳರೊಳಗೆ ಬೀದಿ ಕ್ಲೀನ್ ಆಗಿ ಫೋಟೋ ಬರಬೇಕು — ಈ ರೂಲು ನನ್ನದು. ಸಾಹೇಬರು, ಅಂದರೆ ನಮ್ಮ ಹೆಲ್ತ್ ಆಫೀಸರು, ಬೇರೆ ವಾರ್ಡಿನವರಿಗೂ ಹೀಗೇ ಮಾಡಿ ಅಂದಿದ್ದಾರೆ. ಸುಳ್ಳೇಕೆ, ಹಿಗ್ಗಿ ಹೀರೇಕಾಯಿ ಆಗಿದ್ದೇನೆ.

ಜನವರಿ 11

ಫ್ರೇಮ್ ಅಂಗಡಿಯವರ ಜತೆ ಮತ್ತೆ ಜಗಳ. ಫೋಟೋಗಳಿಗೆ ಕಟ್ಟು ಹಾಕಿಕೊಡುವ ಮನುಷ್ಯ. ವಯಸ್ಸಾಗಿದೆ, ನಾಲಿಗೆಗೆ ಆಗಿಲ್ಲ. ತಮ್ಮ ಅಂಗಡಿ ಮುಂದಿನ ಡಬ್ಬಿಯನ್ನು ದಿನಾ ಸಂಜೆ ಎಳೆದು ಪಕ್ಕದ ಟೈಲರಮ್ಮನ ಬಾಗಿಲಿಗೆ ಇಡುತ್ತಾರೆ. ಬೆಳಿಗ್ಗೆ ನಾನು ಎಳೆಸಿ ವಾಪಸ್ ತರಿಸುತ್ತೇನೆ.

"ಊರಿಗೆಲ್ಲ ಡಬ್ಬಿ ಬೇಕು ಮೇಡಂ, ಒಪ್ಪಿದೆ. ನನ್ನ ಮೂಗಿನ ಕೆಳಗೇ ಯಾಕೆ?"

"ಎಲ್ಲರಿಗೂ ಮೂಗಿದೆ, ಯಜಮಾನ್ರೇ."

"ಇರ್ಲಿ. ಒಂದಿನ ಇದು ಇಲ್ಲಿಂದ ಮಾಯ ಆಗುತ್ತೆ, ನೋಡ್ತಾ ಇರಿ."

ಸುತ್ತ ನಿಂತವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮಧ್ಯಾಹ್ನದವರೆಗೂ ಇಳಿಯಲಿಲ್ಲ.

ಜನವರಿ 23

ಬಸ್ ಸ್ಟಾಪಿನ ಡಬ್ಬಿ ಸುಟ್ಟುಹೋಯಿತು. ಹಾಡಹಗಲು, ಒಂಬತ್ತೂವರೆ ಸುಮಾರಿಗೆ. ಹೋಗುವಷ್ಟರಲ್ಲಿ ಕರಗಿ ಫುಟ್‌ಪಾತಿಗೆ ಅಂಟಿಕೊಂಡಿತ್ತು. ಯಾರೋ ಸಿಗರೇಟು ಹಾಕಿರಬೇಕು ಅಂದರು ಎಲ್ಲರೂ. ಇರಬಹುದು.

ಫ್ರೇಮ್ ಅಂಗಡಿಯವರು ಬಾಗಿಲಲ್ಲಿ ನಿಂತು, "ಒಂದು ಪೀಡೆ ಕಳೀತು" ಅಂದರು. ನನಗೆ ಕೇಳಲಿ ಅಂತಲೇ.

ಸಾಹೇಬರ ಫೋನು. "ಹೀಗೇ ಆದ್ರೆ ಎಲ್ಲಾ ಎತ್ತಿಸಿಬಿಡ್ತೀನಿ. ಡಬ್ಬಿ ಇಲ್ಲದೇ ಇದ್ದಾಗ ಬೆಂಕಿನಾದ್ರೂ ಇರ್ಲಿಲ್ಲ."

ಫೆಬ್ರವರಿ 2

ಬೆಳಿಗ್ಗೆ ಇನ್ನೊಂದು ಡಬ್ಬಿ ಹೋಯಿತು. ಟೈಲರಮ್ಮನ ಬಾಗಿಲಲ್ಲಿ ಇದ್ದದ್ದು — ಫ್ರೇಮ್ ಅಂಗಡಿಯವರು ರಾತ್ರಿ ಎಳೆದಿಟ್ಟ ಅದೇ ಡಬ್ಬಿ. ವಾಪಸ್ ಎಳೆಸುವುದಕ್ಕೆ ಇವತ್ತು ನಾನಿನ್ನೂ ಹೋಗಿರಲಿಲ್ಲ. ಬೆಂಕಿ ಮೇಲಿನ ಟಾರ್ಪಾಲಿಗೆ ಹತ್ತಿದೆ. ಗಿರಾಕಿಗಳ ಬಟ್ಟೆ ಎಳೆದುಕೊಳ್ಳಲು ಹೋಗಿ ಟೈಲರಮ್ಮನ ಎರಡೂ ಕೈ ಸುಟ್ಟಿವೆ. ಆಸ್ಪತ್ರೆಯಲ್ಲಿ ನೋಡಿ ಬಂದೆ. ಬ್ಯಾಂಡೇಜು ಸುತ್ತಿದ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. "ಮುಂದೆ ಬಟ್ಟೆ ಹೊಲಿಯೋಕಾಗುತ್ತಾ, ಕೇಳಿ ಮೇಡಂ" ಅಂದಳು. ಡಾಕ್ಟರು ಈಗಲೇ ಹೇಳೋಕಾಗಲ್ಲ ಅಂದರು.

ಸ್ಟೇಷನ್ನಿಗೆ ಹೋದೆ. ಯಾರ ಮೇಲೆ ಅನುಮಾನ ಅಂತ ಕೇಳಿದರು. ಒಂದು ಕ್ಷಣವೂ ಯೋಚಿಸಲಿಲ್ಲ. ಫ್ರೇಮ್ ಅಂಗಡಿಯವರ ಹೆಸರು ಹೇಳಿ ಸಹಿ ಹಾಕಿದೆ. ಮಾಯ ಆಗುತ್ತೆ ಅಂದದ್ದು, ಪೀಡೆ ಕಳೀತು ಅಂದದ್ದು, ರಾತ್ರಿ ಎಳೆಯುವುದು — ಎಲ್ಲ.

ಫೆಬ್ರವರಿ 4

ಪೊಲೀಸರು ಅವರ ಅಂಗಡಿಯಲ್ಲಿ ಬೇಗ ಬೆಂಕಿ ಹತ್ತುವ ಥಿನ್ನರ್, ವಾರ್ನಿಶ್ ಡಬ್ಬಗಳನ್ನು ಹಿಡಿದಿದ್ದಾರೆ. ಅಂಗಡಿಗೆ ಬೀಗ. ದಿನಾ ಸ್ಟೇಷನ್ನಿಗೆ ಕರೆಸಿ ಸಂಜೆವರೆಗೆ ಬೆಂಚಿನ ಮೇಲೆ ಕೂರಿಸುತ್ತಾರಂತೆ. ಲೈಸೆನ್ಸೂ ಹೋಗುತ್ತದೆ ಅಂದರು ಸಾಹೇಬರು, ಖುಷಿಯಲ್ಲಿ. ನನಗೂ ಖುಷಿಯೇ ಆಯಿತು.

ಸಂಜೆ ಅವರ ಹೆಂಡತಿ ಮನೆಗೆ ಬಂದರು. ಚಪ್ಪಲಿ ಬಿಟ್ಟು ಬಾಗಿಲಾಚೆಯೇ ನಿಂತರು. "ಬಾಯಿ ಸರಿ ಇಲ್ಲ ತಾಯೀ, ನಾನೇ ಒಪ್ತೀನಿ. ಆದ್ರೆ ಫ್ರೇಮಿನ ಕಡ್ಡಿ ಮುರಿದ್ರೇ ಆ ಮನುಷ್ಯ ಊಟ ಬಿಡ್ತಾರೆ. ಬೆಂಕಿ ಇಡ್ತಾರಾ?"

ಕಾನೂನು ನೋಡಿಕೊಳ್ಳುತ್ತೆ ಅಂದೆ. ಒಳಗೆ ಕರೆಯಲಿಲ್ಲ. ಇವರು ಊಟಕ್ಕೆ ಕೂತಾಗ, "ನೀನು ನೋಡಿದ್ಯಾ, ಅವರು ಹಚ್ಚಿದ್ದು?" ಅಂದರು. ಇನ್ಯಾರು ಹಚ್ಚುತ್ತಾರೆ ಅಂದೆ. "ನಾನು ಕೇಳಿದ್ದು ಅದಲ್ಲ" ಅಂದು ಊಟ ಮುಂದುವರಿಸಿದರು. ಇದಕ್ಕಿಂತ ಜಗಳವೇ ವಾಸಿ.

ಫೆಬ್ರವರಿ 6

ಬ್ಯಾಂಕಿನ ಮುಂದಿನ ಡಬ್ಬಿಯಲ್ಲಿ ಹೊಗೆ. ಬ್ಯಾಂಕಿನ ಗಾರ್ಡು ನೋಡಿ ನೀರು ಹಾಕಿ ನಂದಿಸಿದ. ಅದೇ ಹೊತ್ತು, ಒಂಬತ್ತೂವರೆ, ಹತ್ತು.

ಸ್ಟೇಷನ್ನಿಗೆ ಫೋನ್ ಮಾಡಿದೆ. ಫ್ರೇಮ್ ಅಂಗಡಿಯವರು ಎಂಟರಿಂದ ಅಲ್ಲೇ ಬೆಂಚಿನ ಮೇಲೆ ಇದ್ದಾರೆ ಅಂದರು.

ಸಾಹೇಬರಿಗೆ ಹೇಳಿದೆ. "ಬರೀ ಹೊಗೆ ತಾನೇ? ಯಾರಿಗೂ ಹೇಳ್ಬೇಡಿ."

ಫೆಬ್ರವರಿ 7, ಬೆಳಿಗ್ಗೆ

ಯಾರಿಗೂ ಹೇಳದೆ ಆರಕ್ಕೇ ಹೋದೆ. ಬ್ಯಾಂಕಿನ ಗೋಡೆಗೆ ಆತು ನಿಂತೆ. ಕಳ್ಳನನ್ನು ಹಿಡಿಯುವವಳ ಹಾಗೆ.

ಹೊಗೆ ಕಂಡದ್ದು ಮರದ ಬುಡದಲ್ಲಿ. ಎಲೆ ಉದುರುವ ಕಾಲ, ಗುಡ್ಡೆ ಸೊಂಟದೆತ್ತರ. ಗುಡಿಸುವವರು ಅದಕ್ಕೆ ಬೆಂಕಿ ಕೊಟ್ಟಿದ್ದರು. ಉರಿ ಇಳಿದ ಮೇಲೆ ಅವರ ಮೇಸ್ತ್ರಿ ದೊಡ್ಡಕ್ಕ ಒಂದು ಬಕೆಟ್ ನೀರು ಸುರಿದಳು. ಹೊಗೆ ನಿಂತಿತು. ಬೂದಿ, ಅರೆಬೆಂದ ಎಲೆ, ಎಲ್ಲ ಸಲಿಕೆಯಲ್ಲಿ ಎತ್ತಿ ಡಬ್ಬಿಗೆ ಸುರಿದರು. ಮೇಲೆ ಒಂದಿಷ್ಟು ಹಸಿ ಎಲೆ. ನೆಲ ಗುಡಿಸಿದರು. ದೊಡ್ಡಕ್ಕ ಹಿಂದಕ್ಕೆ ಸರಿದು ಫೋನ್ ಎತ್ತಿದಳು. ನನ್ನ ಕೈಯಲ್ಲಿ ಮೊಬೈಲು ಟಿಣ್ ಅಂದಿತು. ಏಳಕ್ಕೆ ಮೊದಲೇ.

"ಎಲೆ ಸುಡ್ಬೇಡಿ ಅಂತ ಹೇಳಿರ್ಲಿಲ್ವಾ?" ಅಂತ ಕೂಗಿದೆ. ಬೆಚ್ಚಿಬಿದ್ದಳು. ಆಮೇಲೆ ಸುಧಾರಿಸಿಕೊಂಡಳು.

"ಹೇಳಿದ್ರಿ ಮೇಡಂ. ಲಾರಿಯವನು ಎಲೆ ಎತ್ತಲ್ಲ ಅಂತಾನೆ. ಹಾಗೇ ತುಂಬಿದ್ರೆ ಡಬ್ಬಿ ಎಲೆಗೇ ಮುಗೀತು, ಜನ ಎಲ್ಲಿ ಹಾಕ್ತಾರೆ? ಏಳರೊಳಗೆ ಗುಡ್ಡೆ ಕಾಣ್ಬಾರ್ದು, ಹೊಗೆ ಕಾಣ್ಬಾರ್ದು, ಬೂದಿ ಕಾಣ್ಬಾರ್ದು ಅಂತೀರಿ. ಇನ್ನೇನು, ಸೆರಗಿಗೆ ಕಟ್ಕೊಂಡು ಹೋಗ್ಲಾ?"

"ಕೈ ಇಟ್ಟು ನೋಡು ಡಬ್ಬಿಗೆ."

"ನೀರು ಹಾಕಿದೀವಲ್ಲ…" ಅನ್ನುತ್ತ ಇಟ್ಟಳು. ತೆಗೆದಳು. ಕೋಲು ತಂದು ಕೆದಕಿದಳು. ಮೇಲೆ ಒದ್ದೆ, ಒಳಗೆ ಕೆಂಪಗೆ ಕೆಂಡ.

ಕೋಲು ಕೆಳಗೆ ಹಾಕಿದಳು. ಆಮೇಲೆ ಸಣ್ಣ ದನಿಯಲ್ಲಿ, "ಟೈಲರಮ್ಮನ ಕೈ… ನಾವಾ ಮೇಡಂ?"

ಇಬ್ಬರೂ ಸೇರಿ ಡಬ್ಬಿ ಉರುಳಿಸಿ, ನೀರು ಹೊತ್ತು ತಂದು ಪೂರ್ತಿ ಆರಿಸಿದೆವು. ಇನ್ನು ಫೋಟೋ ಬೇಡ, ಎಲೆ ಗುಡ್ಡೆ ಹಾಗೇ ಇರಲಿ ಅಂದೆ. ಎಷ್ಟು ಸುಲಭವಾಗಿ ಬಾಯಿಂದ ಬಂತು. ಮೊದಲೇ ಬರಬಹುದಿತ್ತು.

ಫೆಬ್ರವರಿ 7, ಮಧ್ಯಾಹ್ನ

ಸಾಹೇಬರ ಮುಂದೆ ಎಲ್ಲ ಹೇಳಿದೆ. ಬಾಗಿಲು ಹಾಕಿಸಿದರು.

"ಹೇಳಿದ್ರೆ ಏನಾಗುತ್ತೆ ಗೊತ್ತಾ? ಮೊದಲು ಆ ಹೆಂಗಸರ ಕೆಲಸ ಹೋಗುತ್ತೆ. ಆಮೇಲೆ ನಿಮ್ದು. ಕೊನೆಗೆ ಡಬ್ಬಿಗಳು. ಯಾರಿಗೇನು ಲಾಭ?"

"ಫ್ರೇಮ್ ಅಂಗಡಿಯವರು ಏನೂ ಮಾಡಿಲ್ಲ, ಸರ್."

"ಡಬ್ಬಿ ಎಳೆದು ಅಲ್ಲಿ ಇಟ್ಟಿದ್ದು ಯಾರು? ಸ್ವಲ್ಪ ದಿನ ಸುಮ್ನಿರಿ, ತಾನಾಗೇ ತಣ್ಣಗಾಗುತ್ತೆ."

ನಾಳೆ ಹೋಗಿ ದೂರು ವಾಪಸ್ ತೆಗೆದುಕೊಳ್ಳುತ್ತೇನೆ. ನಾಳೆ.

ಫೆಬ್ರವರಿ 12

ಹೋಗಿಲ್ಲ.

ದಿನಾ ಬೀಗ ಹಾಕಿದ ಅಂಗಡಿ ದಾಟಿ ಹೋಗುತ್ತೇನೆ. ಗಾಜಿನ ಹಿಂದೆ ಯಾರದೋ ಮನೆಯವರ ಫೋಟೋಗಳು, ಅರ್ಧ ಕಟ್ಟು ಹಾಕಿದವು. ಕೇಳಿಕೊಂಡು ಬಂದವರು ಬಾಗಿಲು ತಟ್ಟಿ ವಾಪಸ್ ಹೋಗುತ್ತಾರೆ. ದೊಡ್ಡಕ್ಕ ನನ್ನನ್ನು ಕಂಡರೆ ಪೊರಕೆ ಹಿಡಿದು ಆ ಕಡೆ ತಿರುಗುತ್ತಾಳೆ. ಇವರ ಹತ್ತಿರ ಹೇಳಿಕೊಂಡೆ. ಬೈಯಲಿ ಅಂತ ಕಾದೆ. "ಭಯ ಆಗುತ್ತಾ?" ಅಂದರು. ಹೂಂ ಅಂದೆ. ಭಯವೇ. ಕೆಲಸ ಹೋಗುವುದಕ್ಕಲ್ಲ ಅಂತ ಬರೆಯಬೇಕು ಅನ್ನಿಸುತ್ತದೆ, ಆದರೆ ಅದಕ್ಕೂ ಹೌದು. ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಲ್ಲ, ಅದಕ್ಕೆ ಇನ್ನೂ ಜಾಸ್ತಿ.

ಸಂಜೆ ಸಾಹೇಬರ ಫೋನು. ದನಿಯಲ್ಲಿ ಸಕ್ಕರೆ. "ನೋಡಿದ್ರಾ, ತಣ್ಣಗಾಯ್ತು. ಅವನೇ ಒಪ್ಕೊಳ್ತಾನಂತೆ. ನಾಳೆ ಸಹಿ ಹಾಕ್ತಾನೆ. ದಂಡದಲ್ಲಿ ಮುಗೀತು."

ಮಾಡದೇ ಇರುವುದನ್ನು ಯಾಕೆ ಒಪ್ಪಿಕೊಳ್ಳುತ್ತಾರೆ? ಸಾಹೇಬರನ್ನು ಕೇಳಲಿಲ್ಲ. ನನಗೆ ಉತ್ತರ ಗೊತ್ತಿತ್ತು.

ಫೆಬ್ರವರಿ 13, ಸ್ಟೇಷನ್

ಬೆಂಚು. ಸಾಹೇಬರು ಬರುವವರೆಗೆ ಕಾಯಬೇಕಂತೆ — ಇಲ್ಲಿನ ಸಾಹೇಬರು. ನಮ್ಮ ಸಾಹೇಬರ ಫೋನು ನಾಲ್ಕು ಸಲ ಬಂತು, ಎತ್ತಲಿಲ್ಲ. ಬರುವಾಗ ದೊಡ್ಡಕ್ಕನಿಗೆ ಹೇಳಿಯೇ ಬಂದೆ: ಏಳಕ್ಕೆ ಫೋಟೋ ಬೇಕು ಅಂದವಳು ನಾನು, ಹಾಗಂತಲೇ ಬರೆಸುತ್ತೇನೆ. ನಂಬಿದಳೋ ಇಲ್ಲವೋ.

ಫ್ರೇಮ್ ಅಂಗಡಿಯವರು ಮೊದಲೇ ಬಂದು ಕೂತಿದ್ದರು. ಇಳಿದುಹೋಗಿದ್ದಾರೆ. ನನ್ನನ್ನು ನೋಡಿ ಎದ್ದು, ಬೆಂಚಿನ ತುದಿಗೆ ಸರಿದು ಜಾಗ ಮಾಡಿಕೊಟ್ಟರು. ಒಂದು ಕೊಂಕಾದರೂ ಆಡುತ್ತಾರೆ ಅಂದುಕೊಂಡಿದ್ದೆ.

"ಇನ್ನೂ ಏನಾದ್ರೂ ಬಾಕಿ ಇದೆಯಾ ಮೇಡಂ? ಒಪ್ಕೊಂಡೆನಲ್ಲ. ಇವತ್ತು ಸಹಿ ಹಾಕಿದ್ರೆ ಅಂಗಡಿ ಬೀಗ ತೆಗೀತಾರಂತೆ. ನಿಮ್ಮ ಡಬ್ಬಿ ನನ್ನ ಬಾಗಿಲಲ್ಲೇ ಇರ್ಲಿ. ಮುಟ್ಟಲ್ಲ."

ಸಹಿ ಹಾಕಬೇಡಿ ಅಂದೆ.

"ಯಾಕೆ?"

ಬರೆಯುವ ನೆಪ ಮಾಡಿ ತಲೆ ಬಗ್ಗಿಸಿದ್ದೇನೆ. ನನ್ನನ್ನೇ ನೋಡುತ್ತಿದ್ದಾರೆ, ಗೊತ್ತಾಗುತ್ತಿದೆ. "ಯಾಕೆ ಮೇಡಂ?" — ಮತ್ತೆ ಕೇಳಿದರು. ಜೀಪು ಬಂದ ಸದ್ದು.

ಪೇದೆ ಬಾಗಿಲಿಗೆ ಬಂದು, ಮೊದಲು ಯಾರು ಅಂತ ಕೇಳುತ್ತಿದ್ದಾನೆ. ಅವರು ಏಳುತ್ತಿದ್ದರು, ಕೈ ಹಿಡಿದು ಕೂರಿಸಿದೆ. ನಾನು, ಅಂದೆ. ಅವರ ಕಡೆ ತಿರುಗಿ, "ಬೆಂಕಿ ಹಚ್ಚಿದ್ದು ನೀವಲ್ಲ ಯಜಮಾನ್ರೇ, ನನ್ನ ಏಳು ಗಂಟೆಯ ಫೋಟೋ" ಅಂದೆ.