ಅಪ್ಪನ ದಿಬ್ಬದ ಬಿಳಿ ಜಾಗ

ನಾವುನಿಲಾ, ಫಿಜಿ
ಆಗಸ್ಟ್ ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಕೆಲೇರಾ,

ಹೇಗಿದ್ದೀಯೇ? ಕಿವಿನೋವು ಕಡಿಮೆಯಾಯ್ತಾ? ನೀರಿಗಿಳಿದು ಬಂದ ಮೇಲೆ ಕಿವಿ ಬೆಚ್ಚಗಿಟ್ಟುಕೋ ಅಂತ ಎಷ್ಟು ಸಲ ಬಡಕೊಂಡಿದ್ದೀನಿ. ಸುವಾದ ಆಫೀಸಿನಲ್ಲಿ ಆ ಏಸಿ ಕೆಳಗೇ ಕೂತಿರ್ತೀಯಂತೆ, ಲಿತಿಯಾ ಅತ್ತೆ ನೋಡಿಕೊಂಡು ಬಂದು ಹೇಳಿದಳು. ಊಟ ಬಿಟ್ಟು ಸೊರಗಿದ್ದೀಯ ಅಂತಲೂ ಹೇಳಿದಳು. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತದ ಫೋನಿಗೆ ಬೈದು ಬೈದು ಸಾಕಾಗಿ ಕಾಗದ ಬರೀತಿದ್ದೀನಿ. ಅಮ್ಮನ ಕಾಗದ ಓದದೆ ಬಿಸಾಡುವವಳಲ್ಲ ನೀನು. ಭಾನುವಾರ ಕೆಲಸ ಮಾಡಬಾರದು, ಆದರೆ ಬರೆಯುವುದು ಕೆಲಸವಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಪಾದ್ರಿಗಳು ಕೇಳಿದರೆ ಆಮೇಲೆ ನೋಡಿಕೊಳ್ಳೋಣ. ನಾನು ಚೆನ್ನಾಗಿದ್ದೀನಿ ಅಂತ ಬರೆಯಬೇಕು. ಬರೆದೆ ಅಂತ ತಿಳಕೋ.

ನೀನು ಏನು ತಲೆಯಲ್ಲಿ ತುಂಬಿಕೊಂಡು ಕೂತಿದ್ದೀಯ ಅಂತ ನನಗೆ ಗೊತ್ತು. ನಮ್ಮ ಮನೆ ಎದುರಿನ ನೀರೊಳಗಿನ ಹವಳದ ದಿಬ್ಬ, ಅಪ್ಪನ ದಿಬ್ಬ, ಹಾಳಾದದ್ದು ನಿನ್ನಿಂದಲೇ ಅಂತ. ಮಣ್ಣು! ಹೆತ್ತವಳು ಹೇಳ್ತೀನಿ ಕೇಳು. ನೀನು ಆಫೀಸಿನವರ ಜೊತೆ ಆ ದೋಣಿಯಲ್ಲಿ ಬಂದು, ಸಮುದ್ರದ ತಳವನ್ನು ಯಂತ್ರದಿಂದ ಅಳೆದು, ಹವಳಕ್ಕೆ ಕೆಂಪು, ಕಡಲಹುಲ್ಲಿಗೆ ಹಸಿರು, ಮರಳಿಗೆ ಹಳದಿ ಬಳಿದು ನಕ್ಷೆ ಮಾಡುತ್ತಿದ್ದಾಗ ಊರೆಲ್ಲ ಹಿಗ್ಗಿತ್ತು. ನಿಮ್ಮ ಪೆನಾಯಾ ಚಿಕ್ಕಪ್ಪ ಏನಂದ ನೆನಪಿದೆಯಾ? "ಹುಟ್ಟಿದಾಗಿಂದ ಈ ನೀರಿಗೇ ಉಚ್ಚೆ ಹೊಯ್ದಿದ್ದೀನಿ, ಕೆಳಗೆ ಇಷ್ಟೊಂದು ಬಣ್ಣ ಇದೆ ಅಂತ ಗೊತ್ತೇ ಇರಲಿಲ್ಲವಲ್ಲೇ!" ನಿಮ್ಮಪ್ಪ ಮಲಗಿದ್ದಲ್ಲೇ ಕೆಮ್ಮು ಬರುವವರೆಗೆ ನಕ್ಕರು. ಅವರು ಜೋರಾಗಿ ನಕ್ಕದ್ದು ಅದೇ ಕೊನೆ.

ಅವರು ಹೋದರು. ಊರ ಯಜಮಾನ ಸತ್ತರೆ ಅವನ ಮನೆ ಎದುರಿನ ನೀರನ್ನು ನೂರು ರಾತ್ರಿ ಮುಚ್ಚಬೇಕು. ಗಾಳವಿಲ್ಲ, ಬಲೆಯಿಲ್ಲ, ದೋಣಿಯಿಲ್ಲ, ಅಷ್ಟು ದಿನ ಆ ನೀರೇ ಅವನಿದ್ದ ಹಾಗೆ. ಪೆನಾಯಾ ದಿಬ್ಬದ ಅಂಚಿಗೆ ಬಟ್ಟೆ ಕಟ್ಟಿದ ಕೋಲು ನೆಟ್ಟು ಬಂದ. ನಿಮ್ಮ ನಕ್ಷೆಗೆ ಉಳಿದಿದ್ದದ್ದು ಅದೊಂದೇ ಜಾಗ. ನಿನ್ನ ಮೇಲಿನ ಅಧಿಕಾರಿ, ಮೀನು ಹಿಡಿಯುವುದಿಲ್ಲವಲ್ಲ, ಸುಮ್ಮನೆ ಮೇಲಿಂದ ಹಾದು ಹೋಗೋಣ ಅಂದರಂತೆ. ನೀನು ದೋಣಿಯಲ್ಲಿ ಎದ್ದು ನಿಂತೆ. ದಡದಲ್ಲಿದ್ದ ನಮಗೆಲ್ಲ ಕೇಳಿಸಿತು: "ನಮ್ಮಪ್ಪನ ಮೇಲೆ ನಾನು ದೋಣಿ ಓಡಿಸಲ್ಲ. ನೂರು ರಾತ್ರಿ ಕಳೀಲಿ, ಬಂದು ತುಂಬ್ತೀನಿ." ದೋಣಿ ತಿರುಗಿತು. ಆ ಹೊತ್ತಿಗೆ ನನಗಾದ ಹೆಮ್ಮೆ ನಿನ್ನನ್ನು ಹೆತ್ತಾಗಲೂ ಆಗಿರಲಿಲ್ಲ ಕಣೇ. ನೀನು ದಾಟಿದ್ದರೆ ನಾನೇ ಕಪಾಳಕ್ಕೆ ಬಿಡುತ್ತಿದ್ದೆ. ಹಾಗಾಗಿ ತಪ್ಪು ಹೊರುವುದಾದರೆ ಸಾಲಾಗಿ ನಿಂತು ಎಲ್ಲರೂ ಹೊರೋಣ, ನೀನೊಬ್ಬಳೇ ಏಕೆ ಒದ್ದಾಡ್ತೀಯ.

ನಕ್ಷೆಯಲ್ಲಿ ಅಷ್ಟು ಜಾಗ ಬಿಳಿ ಉಳಿಯಿತು. ಸೂತಕದ ಬಿಳಿ. ಅದನ್ನು ಯಾರೋ ಪುಣ್ಯಾತ್ಮ, ಇಲ್ಲಿಗೆ ಕಾಲಿಡದವನು, ಏನೂ ಇಲ್ಲದ ಜಾಗ ಅಂತ ಓದಿಕೊಂಡ. ಕೆಂಪು ಹಸಿರಿದ್ದ ಕಡೆಯೆಲ್ಲ ಕಾಪಾಡಬೇಕು ಅಂತ ಸರ್ಕಾರದವರು ಗೆರೆ ಹಾಕಿದರು, ಆಚೆ ದಂಡೆಯಲ್ಲಿ ಹೋಟೆಲು ಕಟ್ಟುವವರ ಹಡಗಿಗೆ ದಾರಿ ಕೊರೆಯಲು ಬಿಳಿ ಜಾಗ ಕೊಟ್ಟರು. ನಾವು ಯಾವ ನೀರನ್ನು ಮುಟ್ಟಲೂ ಹೆದರಿ ಕೂತಿದ್ದೆವೋ ಅದನ್ನೇ.

ಮುಂದಿನದ್ದು ನಿನಗೆ ಯಾರೂ ಹೇಳಿರಲಾರರು, ನಾಚಿಕೆ. ಅಗೆಯುವ ಹಡಗು ಬಂದಾಗ ನೂರು ರಾತ್ರಿ ಇನ್ನೂ ಮುಗಿದಿರಲಿಲ್ಲ. ಪೆನಾಯಾ ಒಳ್ಳೆ ಅಂಗಿ ತೊಟ್ಟು, ಮರ್ಯಾದೆಗೆ ಸೊಂಟಕ್ಕೆ ಚಾಪೆ ಸುತ್ತಿಕೊಂಡು, ತಿಮಿಂಗಿಲದ ಹಲ್ಲು ಹಿಡಿದು ಹೊರಟ. ಯಾವ ಹಲ್ಲು ಗೊತ್ತಾ? ನಿಮ್ಮಪ್ಪ ನನ್ನನ್ನು ಕೇಳಲು ನನ್ನ ತವರಿಗೆ ಕೊಟ್ಟದ್ದು. ಸಾವಿನ ದಿನ ನನ್ನ ಅಣ್ಣಂದಿರು ತಿರುಗಿ ತಂದಿದ್ದರು. ಅದಕ್ಕಿಂತ ದೊಡ್ಡದು ಈ ಮನೆಯಲ್ಲಿಲ್ಲ. ಪೆನಾಯಾ ಹಡಗಿನ ಡೆಕ್ಕಿನ ಮೇಲೆ ಮಂಡಿಯೂರಿ, ನಿಲ್ಲಿಸಿ ಸ್ವಾಮಿ, ಅಗೆಯಬೇಡಿ ಅಂತ ಬೇಡಿಕೊಂಡ. ಎಲ್ಲಿಂದಲೋ ಬಂದ ಕ್ಯಾಪ್ಟನ್, ಮರ್ಯಾದಸ್ಥ ಹುಡುಗ, ಎರಡೂ ಕೈಯಲ್ಲಿ ಹಲ್ಲು ತೆಗೆದುಕೊಂಡ, ಥ್ಯಾಂಕ್ಯೂ ಅಂದ, ಫೋಟೋ ತೆಗೆಸಿಕೊಂಡ. ಕೆಲೇರಾ, ಹಲ್ಲು ತೆಗೆದುಕೊಂಡ ಮೇಲೆ ಮಾತು ಒಪ್ಪಿದ ಹಾಗಲ್ಲವೇ? ಇಲ್ಲ ಅನ್ನುವವನು ಮುಟ್ಟುವುದಿಲ್ಲವಲ್ಲ! ಪೆನಾಯಾ ದಡಕ್ಕೆ ಬರುತ್ತ ದೂರದಿಂದಲೇ ಕೈಬೀಸಿದ, "ತಗೊಂಡ! ತಗೊಂಡ!" ಅಂತ. ನಾವು ಯಂಗೋನಾ ಬೇರಿನ ಪುಡಿ ನೀರಲ್ಲಿ ಕಲಸಿ ಕುಡಿದೆವು, ಹಾಡಿದೆವು. ಎಂಥ ಪೆದ್ದರು ನಾವು. ಬೆಳಗಾಗುತ್ತಲೇ ಯಂತ್ರ ಶುರುವಾಯಿತು. ಅದು ಬರೀ ಉಡುಗೊರೆ ಅಂತ ತಿಳಿದಿದ್ದನಂತೆ. ಅವನನ್ನು ಬೈಯಲೂ ನನಗೆ ಬಾಯಿ ಬರುತ್ತಿಲ್ಲ. ಪೆನಾಯಾ ಆವತ್ತಿನಿಂದ ಸಭೆಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಾನೆ, ಊರ ಪರವಾಗಿ ಮಾತಾಡುವುದೇ ಅವನ ಕೆಲಸವಾಗಿದ್ದರೂ.

ನೂರನೇ ರಾತ್ರಿ ಕಳೆದು ನೀರು ಬಿಡಿಸಿದ ದಿನ ಹೆಂಗಸರೆಲ್ಲ ಬಲೆ ಹಿಡಿದು ಇಳಿದೆವು. ನೀರೋ, ಅಕ್ಕಿ ತೊಳೆದ ನೀರು. ಕೊರೆದದ್ದು ನಡುವಿನ ಒಂದು ಪಟ್ಟಿ, ಆದರೆ ಕೆಸರು ಉಳಿದದ್ದನ್ನೂ ಮುಚ್ಚಿ ಕೊಂದಿದೆ. ನೀನು ಪುಟ್ಟವಳಿದ್ದಾಗ 'ಅಜ್ಜಿ' ಅಂತ ಕರೆಯುತ್ತಿದ್ದೆಯಲ್ಲ, ಆ ದೊಡ್ಡ ಕಪ್ಪೆಚಿಪ್ಪು, ಬೆರಳು ಹತ್ತಿರ ತಂದರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು, ನೀನು ಕಿರುಚಿ ಅಪ್ಪನ ಕುತ್ತಿಗೆಗೆ ಜೋತುಬೀಳುತ್ತಿದ್ದೆ. ಅದನ್ನು ಹುಡುಕಿದೆ. ಬಾಯಿ ತೆರೆದೇ ಇತ್ತು, ಕೈ ಹಾಕಿದೆ, ಮುಚ್ಚಲಿಲ್ಲ. ಒಳಗೆ ಬರೀ ಕೆಸರು. ಯಜಮಾನನ ಹೆಸರಿನ ಊಟಕ್ಕೆ ಆ ನೀರಿನ ಮೀನೇ ಆಗಬೇಕು, ಅದಕ್ಕಾಗಿಯೇ ನೂರು ರಾತ್ರಿ ಕಾಯುವುದು. ನಾವು ಅಂಗಡಿಯಿಂದ ಡಬ್ಬಿ ಮೀನು ತಂದು ತೆಂಗಿನಹಾಲು ಹಾಕಿ ಬೇಯಿಸಿ ಬಡಿಸಿದೆವು. ಯಾರೂ ತಲೆಯೆತ್ತಿ ಉಣ್ಣಲಿಲ್ಲ.

ಇನ್ನೇನು ಬರೆಯಲಿ. ಹೊಟ್ಟೆಗೆ ಸರಿಯಾಗಿ ತಿನ್ನು. ಲಿತಿಯಾ ಅತ್ತೆ ನಿನಗೆ ಕಿವಿಗೆಣ್ಣೆ ಕಳಿಸಿದ್ದಾಳೆ, ಪೆನಾಯಾ ನಿನ್ನ ತಲೆ ಮೇಲೆ ಕೈಯಿಟ್ಟಿದ್ದೀನಿ ಅಂತ ಬರಿ ಅಂದ. ದೇವರು ನಿನ್ನ ಜೊತೆಗಿರಲಿ ಮಗಳೇ. ನನ್ನ ಜೊತೆ ಸದ್ಯಕ್ಕೆ ಇಲ್ಲ ಅನಿಸುತ್ತದೆ.

ನಿನ್ನ ಅಮ್ಮ,
ಅಸಿನಾತೆ

ವಿ.ಸೂ.: ಸೋಮವಾರ ಬೆಳಿಗ್ಗೆ, ಕಾಗದ ಒಯ್ಯುವ ದೋಣಿಯವನು ಕೂಗ್ತಿದ್ದಾನೆ. ನಿನ್ನೆ ಇದನ್ನು ಬರೆಯಲು ಕೈ ಬರಲಿಲ್ಲ. ಹೋಟೆಲಿನವರು ಊರಿಗೆ ಬಂದು ಸಭೆ ಮಾಡಿದರು. ನಾವು ಏನನ್ನೂ ಹಾಳು ಮಾಡಿಲ್ಲ, ಅಲ್ಲಿ ಮೊದಲೇ ಏನೂ ಇರಲಿಲ್ಲ, ನಿಮ್ಮ ಮಗಳ ನಕ್ಷೆಯೇ ಹೇಳುತ್ತದೆ ಅಂದರು. ಕೆಲೇರಾ, ನೂರು ರಾತ್ರಿ ಮುಗಿದಿದೆ. ಬರ್ತೀನಿ ಅಂದಿದ್ದೆ, ಬಾ. ಯಂತ್ರ ತಗೊಂಡು ಬಾ. ಉಳಿಸು ಅಂತ ಕರೀತಿಲ್ಲ, ಉಳಿದದ್ದು ಏನೂ ಇಲ್ಲ. ಸತ್ತ ಹವಳಕ್ಕೂ ನಿಮ್ಮಲ್ಲಿ ಒಂದು ಬಣ್ಣ ಇರಬೇಕಲ್ಲ, ಅದನ್ನು ತುಂಬು, ಬಿಳಿ ಬಿಡಬೇಡ. ಇತ್ತು, ಸತ್ತಿತು ಅಂತಾದರೂ ಇರಲಿ. ನಾನೂ ದೋಣಿಯಲ್ಲಿ ಪಕ್ಕಕ್ಕೇ ಕೂರ್ತೀನಿ. ಅಪ್ಪನ ಮೇಲೆ ಓಡಿಸು.