ಮೂವತ್ತೆರಡನೇ ಸವಾರ

ಹೊಸಪೇಟೆ
9-7-2025

ಚಿ. ಕು. ಮೇಧಾಗೆ ಅಪ್ಪನ ಆಶೀರ್ವಾದ.

ಮೈಸೂರಿನ ಹವೆ ನಿನಗೆ ಒಗ್ಗಿತೇ? ಕೆಮ್ಮು ಹೋಯಿತೇ? ರಾತ್ರಿ ಮೊಸರು ತಿನ್ನಬೇಡ ಎಂದು ಸಾವಿರ ಸಲ ಹೇಳಿದ್ದೇನೆ. ಯಾವ ಮಾತನ್ನು ಕೇಳಿದ್ದೀ, ಇದನ್ನು ಕೇಳಲು. ಇಲ್ಲಿ ನನಗೆ ಮೊಣಕಾಲು ನೋವು ಬಿಟ್ಟರೆ ಎಲ್ಲ ಸರಿಯಾಗಿದೆ. ನಿನ್ನ ಅಮ್ಮನ ಬಿಪಿ ಇಳಿದಿದೆ, ನನ್ನ ಜೊತೆ ಮಾತೂ ಇಳಿದಿದೆ. ಕಾಲುವೆಗೆ ನೀರು ಬಿಟ್ಟಿದ್ದಾರೆ, ಸೊಳ್ಳೆ ಶುರುವಾಗಿವೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು, ಆದರೆ ನನ್ನ ನಂಬರು ಕಂಡರೆ ನೀನು ಎತ್ತುವುದಿಲ್ಲ. ಕಾಗದವಾದರೆ ಹರಿಯುವ ಮೊದಲು ಒಂದು ಸಲವಾದರೂ ಓದುತ್ತೀ ಎಂದು ಬರೆಯುತ್ತಿದ್ದೇನೆ.

ಮುಂದಿನ ತಿಂಗಳು ಅಲ್ಲಿ ನಿನ್ನ ಮೊದಲ ಪ್ರದರ್ಶನವಂತೆ. ಮಂಚದ ಕೆಳಗಿನ ಟ್ರಂಕಿನಲ್ಲಿರುವ ಬೈಕು ಸವಾರರ ಚಿತ್ರಗಳನ್ನು ಕೊರಿಯರ್ ಮಾಡು, ಅಪ್ಪನಿಗೆ ಹೇಳಬೇಡ ಎಂದು ಅಮ್ಮನಿಗೆ ಹೇಳಿದ್ದೆಯಂತೆ. ಈ ಮನೆಯಲ್ಲಿ ಗುಟ್ಟು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಿನಗೆ ಗೊತ್ತಿರಬೇಕಿತ್ತು. ಟ್ರಂಕು ಎಳೆದವನು ನಾನೇ. ಮೂವತ್ತೆರಡು ಹಾಳೆ. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೂವತ್ತಮೂರು ವರ್ಷ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದವನಿಗೆ ನಾಚಿಕೆಯಾಯಿತು. ಕ್ಯಾನು ಕಟ್ಟಿಕೊಂಡು ಕಂಪ್ಲಿ ರಸ್ತೆಯಲ್ಲಿ ಬರುವ ಹಾಲಿನವನು, ಸಂಡೂರಿನ ಕೆಂಪು ಧೂಳಿಗೆ ಟವೆಲು ಸುತ್ತಿಕೊಂಡವನು, ಬಾಡಿಗೆ ಬೈಕಿನ ಮೇಲೆ ಹಂಪಿ ಸುತ್ತುವ ವಿದೇಶಿ ಹೆಂಗಸು, ಎಲ್ಲರೂ ನೀರಿನಲ್ಲಿ ಕರಗಿ ಹೋಗಿದ್ದಾರೆ. ಚಕ್ರವೆಂದರೆ ಒಂದು ಬೂದು ಕಲೆ. ಕೈಗೆ ಬೆರಳಿಲ್ಲ. ಮುಖದ ಜಾಗದಲ್ಲಿ ಒದ್ದೆ ಹಾಳೆಯ ಮೇಲೆ ಒಂದು ಹನಿ ಕಂದು ಬಣ್ಣ ಬಿಟ್ಟು, ಅದು ಹೋದಲ್ಲಿಗೆ ಹೋಗಲಿ ಎಂದು ಎದ್ದು ಹೋಗಿದ್ದೀ. ಏಳು ವರ್ಷದವಳನ್ನು ಹಂಪಿಯ ಕಲ್ಲುಕಂಬದ ಎದುರು ಕೂರಿಸಿ ಅಳತೆ ಕಲಿಸಿದ್ದು ಇದಕ್ಕೇನು? ಗೆರೆ ಸೊಟ್ಟಾದರೆ ಸ್ಕೇಲಿನಿಂದ ಬೆರಳ ಗಂಟಿಗೆ ಕೊಡುತ್ತಿದ್ದೆ. ಇನ್ನೂ ನಾಲ್ಕು ಕೊಡಬೇಕಿತ್ತು.

ಆದರೂ ಮಗಳಲ್ಲವೇ, ಕಟ್ಟು ಹಾಕಿಸಿಯೇ ಕಳಿಸೋಣ ಎಂದು ಸ್ಟೇಷನ್ ರಸ್ತೆಯ ಕೊಟ್ರಯ್ಯನ ಫ್ರೇಮ್ ಅಂಗಡಿಗೆ ಒಯ್ದೆ. ಎರಡು ಹಾಳೆ ತಿರುಗಿಸಿ ನೋಡಿ, ಗಿರಾಕಿಗಳ ಎದುರಿಗೇ, “ಇವಕ್ಕ ಮಾರೀನ ಇಲ್ಲಲ್ರಿ ಮಾಸ್ತರ?” ಎಂದ. ಮುಖವಿಲ್ಲದವರನ್ನು ಹಾಗೇ ಎತ್ತಿಕೊಂಡು ಮನೆಗೆ ಬಂದೆ. ನೀನು ಅರ್ಧಕ್ಕೆ ಬಿಟ್ಟದ್ದನ್ನು ನಾನು ಪೂರ್ತಿ ಮಾಡಿದೆ. ಹನ್ನೊಂದು ದಿನ ಹಿಡಿಯಿತು. ಚಕ್ರಗಳಿಗೆ ಕಂಪಾಸ್ ಇಟ್ಟೆ. ನಿನ್ನ ದುಬಾರಿ ಕಾಗದಕ್ಕೆ ನಡುವೆ ತೂತು ಬಿದ್ದಿವೆ, ನೋಡಿದರೆ ಕಾಣುತ್ತವೆ. ಕಪ್ಪು ಇಂಕಿನಲ್ಲಿ ಒಂದೊಂದು ಚಕ್ರಕ್ಕೆ ಮೂವತ್ತಾರು ಕಡ್ಡಿ ಎಳೆದೆ. ಬೆರಳು, ಉಗುರು, ಕನ್ನಡಿ, ಕ್ಲಚ್ಚಿನ ತಂತಿ. ಬಸ್ ನಿಲ್ದಾಣದ ಎದುರು ನಿಂತು ನಂಬರು ಪ್ಲೇಟುಗಳನ್ನು ನೋಡಿ ಬಂದು ಎಲ್ಲರಿಗೂ ಕೆಎ 35 ಹಾಕಿದೆ. ಕೊನೆಗೆ ಮುಖ. ಹಾಲಿನವನಿಗೆ ನಮ್ಮ ಕಾಳಪ್ಪನ ಮುಖವನ್ನೇ ಇಟ್ಟೆ. ಹಾಲು ಹಾಕಲು ಬಂದವನು ಅದನ್ನು ನೋಡಿ ಚಪ್ಪಲಿ ಬಿಟ್ಟು ನಿಂತ. ಅಮ್ಮ ಮಾತ್ರ ಎರಡನೇ ದಿನವೇ ಅಡ್ಡ ಬಂದಳು. “ಬ್ಯಾಡ್ರಿ, ಆಕಿ ಬೇಕಂತ ಹಂಗ ಬಿಟ್ಟಾಳ, ಮುಟ್ಟಬ್ಯಾಡ್ರಿ” ಎಂದಳು. ಅವಳನ್ನು ಅಡುಗೆ ಮನೆಗೆ ಕಳಿಸಿದೆ. ಮತ್ತೆ ಕೊಟ್ರಯ್ಯನಿಗೆ ತೋರಿಸಿದರೆ ಆ ಮನುಷ್ಯ ತಲೆ ಕೆರೆದುಕೊಂಡು, “ಮೊದ್ಲ ಓಡ್ತಿದ್ವು ಮಾಸ್ತರ. ಈಗ ನಿಂತಬಿಟ್ಟಾವ” ಎನ್ನುತ್ತಾನೆ! ದೇವರ ಪಟಕ್ಕೆ ಮೊಳೆ ಹೊಡೆಯುವವನಿಗೆ ಏನು ತಿಳಿಯುತ್ತದೆ. ನಿಂತರೆ ನಿಲ್ಲಲಿ. ನಿಂತ ಬೈಕಿನ ಮೇಲೆ ಯಾರೂ ಸತ್ತಿಲ್ಲ.

ಸಾವಿನ ಮಾತು ಬಂತು, ಬರೆದೇಬಿಡುತ್ತೇನೆ. ಬರೆಯಬೇಡಿ ಎಂದು ಅಮ್ಮ ಕೈ ಮುಗಿದಳು. ನಿನ್ನ ತಮ್ಮ ಅಚ್ಯುತ ಹೋಗಿ ಎರಡೂವರೆ ವರ್ಷವಾಯಿತು. ಸಂಡೂರು ಘಾಟಿನ ತಿರುವಿನಲ್ಲಿ ನೀನು ಹಲಗೆ ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದೆ, ಅವನು ನಿನ್ನ ಚಿತ್ರಕ್ಕಾಗಿ ಮೇಲಕ್ಕೂ ಕೆಳಕ್ಕೂ ಬೈಕು ಓಡಿಸುತ್ತಿದ್ದ. ಆರು ಸಲ ಹೋಗಿ ಬಂದಿದ್ದ. ಏಳನೆಯ ಸಲ ಅದಿರಿನ ಲಾರಿ ಎದುರಾಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ನನ್ನ ಕಾಲು ಹಿಡಿದು “ಇನ್ನೊಂದ್ಸಲ ಬಾ ಅಂದೆ ಅಪ್ಪಾ, ನಾನ ಅಂದೆ” ಎಂದು ಅತ್ತದ್ದನ್ನು ಮರೆತಿದ್ದರೆ ನೆನಪಿಸುತ್ತೇನೆ. ಹೆಲ್ಮೆಟ್ ಯಾಕೆ ಇರಲಿಲ್ಲ ಎಂದು ಪೊಲೀಸರು ಕೇಳಿದಾಗ ನೀನು ನೆಲ ನೋಡಿದೆ. ಕೂದಲು ಹಾರುವುದು ಚಿತ್ರಕ್ಕೆ ಬೇಕಿತ್ತು, ಅಲ್ಲವೇ? ಹದಿಮೂರನೇ ದಿನ ಊಟಕ್ಕೆ ಕೂತ ನೆಂಟರ ಎದುರು ನಾನು ಇದನ್ನು ಹೇಳಿದೆ. ನೀನು ಎಲೆ ಬಿಟ್ಟು ಎದ್ದು ಹೋದೆ. ಹೇಳಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಮರುದಿನ ಅವನ ಫೋಟೋಗಳನ್ನೆಲ್ಲ, ಗೋಡೆಯದು, ಆಲ್ಬಮ್ಮಿನದು, ಶಾಲೆಯ ಗುರುತಿನ ಚೀಟಿಯದು ಕೂಡ, ಚೀಲಕ್ಕೆ ತುಂಬಿ ಕಂಪ್ಲಿ ಸೇತುವೆಯ ಮೇಲಿಂದ ಹೊಳೆಗೆ ಬಿಟ್ಟೆ. ಅಮ್ಮ ಅವುಗಳ ಮುಂದೆ ಕೂತು ಅನ್ನ ಬಿಟ್ಟಿದ್ದಳು. ಅವಳ ಫೋನಿನಲ್ಲಿದ್ದವನ್ನೂ ಅಂಗಡಿಗೆ ಒಯ್ದು ಅಳಿಸಿಸಿದೆ. ನಾಲ್ಕು ದಿನ ಶಪಿಸಿದಳು, ಐದನೇ ದಿನ ಉಂಡಳು. ಮನೆಯಲ್ಲಿ ಒಬ್ಬರಾದರೂ ಗಟ್ಟಿ ಇರಬೇಕಾಗುತ್ತದೆ.

ಪಾರ್ಸೆಲ್ ಸೋಮವಾರ ಹೋಗಿದೆ. ಪ್ರತಿ ಹಾಳೆಯ ಕೆಳಗೆ, ನಿನ್ನ ಸಹಿಯ ಪಕ್ಕದಲ್ಲಿ, ‘ತಿದ್ದಿದವರು: ವಾದಿರಾಜ, ನಿವೃತ್ತ ಚಿತ್ರಕಲಾ ಶಿಕ್ಷಕ’ ಎಂದು ಸಣ್ಣಗೆ ಬರೆದಿದ್ದೇನೆ. ಅಳಿಸಲು ನೋಡಬೇಡ, ಆ ಇಂಕು ನೀರಿಗೆ ಹೋಗುವುದಿಲ್ಲ. ಅಳುವುದಿದ್ದರೆ ಪ್ರದರ್ಶನ ಮುಗಿದ ಮೇಲೆ ಅಳು. ನೋಡಿದವರು ಏನಂದರು ಎಂದು ಅಮ್ಮನಿಗಾದರೂ ತಿಳಿಸು.

ರಾಯರು ನಿನಗೆ ಆಯುಷ್ಯ ಕೊಟ್ಟಿದ್ದಾರೆ, ಜೊತೆಗೆ ಬುದ್ಧಿಯನ್ನೂ ಕೊಡಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ಇತಿ,
ನಿನ್ನ ಅಪ್ಪ
ವಾದಿರಾಜ

ತಾ. ಕ.: ಪಾರ್ಸೆಲ್‌ನಲ್ಲಿ ಮೂವತ್ತೊಂದೇ ಇವೆ, ಕಳೆದಿದೆ ಎಂದು ಕೊರಿಯರಿನವರ ಜೊತೆ ಜಗಳವಾಡಬೇಡ. ಟ್ರಂಕಿನ ತಳದಲ್ಲಿ ಪೇಪರು ಸುತ್ತಿಟ್ಟಿದ್ದ ಹಾಳೆ ನನ್ನ ಹತ್ತಿರವಿದೆ. ಎಡ ಮೊಳಕೈ ಹೊರಗೆ ಚಾಚಿ ಬೈಕು ಓಡಿಸುವವನು ಯಾರೆಂದು ತಿಳಿಯದಷ್ಟು ಕುರುಡನಲ್ಲ ನಾನು. ಚಕ್ರ, ಕಡ್ಡಿ, ಬೆರಳು ಎಲ್ಲ ಆಯಿತು. ಮುಖಕ್ಕೆ ನಾಲ್ಕು ದಿನದಿಂದ ಪೆನ್ಸಿಲ್ ಹಿಡಿದು ಕೂತಿದ್ದೇನೆ. ಕಣ್ಣು ಬರೆದರೆ ನನ್ನ ಕಣ್ಣಾಗುತ್ತದೆ, ಮೂಗು ಬರೆದರೆ ಕಾಳಪ್ಪನದು. ಗಲ್ಲದ ಮಚ್ಚೆ ಎಡಕ್ಕಿತ್ತೋ ಬಲಕ್ಕೋ ಎಂದು ಅಮ್ಮನನ್ನು ಕೇಳಿದೆ. “ಹೋಗಿ ಹೊಳೀನ್ನ ಕೇಳ್ರಿ” ಎಂದಳು. ನಿನ್ನ ಫೋನಿನಲ್ಲಿ ಅವನ ಫೋಟೋ ಇದ್ದೇ ಇರುತ್ತದೆ. ಎದುರಿನಿಂದ ತೆಗೆದದ್ದು ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಬೇಗ ಅಂಚೆಗೆ ಹಾಕು. ಫೋಟೋ ಸಾಕು. ನೀನು ಬರಬೇಡ.