ಅರಿಶಿನ ಬಣ್ಣದ ಹಾವಿಗೆ ಎಣ್ಣೆ ಬಿಟ್ಟದ್ದು

ಮೂರುಕಂಬ, ಗುಡ್ಡದ ಮೇಲಿನ ಓಣಿ
ಹೊಸ ಎಣಿಕೆಯ ಇನ್ನೂರ ನಾಲ್ಕನೆಯ ವರ್ಷ, ಹದಿಮೂರನೆಯ ತಿಂಗಳು, ನಲವತ್ತನೆಯ ದಿನ

ನಮಗಿಂತ ಬಹಳ ಮುಂಚೆ ಬದುಕುತ್ತಿರುವ ಹಿರಿಯರಿಗೆ ಫಕೀರವ್ವನ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ತನ್ನ ತಿಂಗಳುಗಳನ್ನು ಬದಲಿಸಿದ ಮೇಲೆ ನಮ್ಮವರು ಪಂಚಾಂಗವನ್ನೂ ಬದಲಿಸಿಕೊಂಡರು, ಅಷ್ಟೇ. ನನ್ನ ಬರಹದಲ್ಲಿ ನಿಮಗೆ ತಿಳಿಯದ ಶಬ್ದ ಬಂದರೆ ಕ್ಷಮಿಸಬೇಕು. ನಿಮ್ಮ ಶಬ್ದಗಳೂ ನಮಗೆ ಅರ್ಧಂಬರ್ಧವೇ ತಿಳಿಯುತ್ತವೆ. ಈ ಓಲೆಯನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಓಲೆಗೆ ಅವಕಾಶ. ನನ್ನ ನೆಗೆಣ್ಣಿ ತನ್ನದನ್ನು ಯಾವುದೋ ಉಪ್ಪಿನಕಾಯಿ ಹಾಕುವ ಬಗೆ ಕೇಳಲು ಖರ್ಚು ಮಾಡಿ, ಇವತ್ತಿಗೂ ಉತ್ತರದ ದಾರಿ ಕಾಯುತ್ತಿದ್ದಾಳೆ. ನಾನು ನನ್ನದನ್ನು ಒಂದು ಹಾವಿಗಾಗಿ ಖರ್ಚು ಮಾಡುತ್ತಿದ್ದೇನೆ. ಅವಳು ನಗುತ್ತಾಳೆ, ನಗಲಿ.

ನಮ್ಮದು ಬೋಳುಗುಡ್ಡ. ಗಾಳಿಯಿಂದ ಕರೆಂಟು ತೆಗೆಯಲು ನಿಮ್ಮ ಕಾಲದವರು ನೆಟ್ಟ ಕಂಬಗಳ ರೆಕ್ಕೆಗಳು ಎಂದೋ ಉದುರಿದವು. ಆ ಕಂಬಗಳ ಟೊಳ್ಳು ಬುಡಗಳೇ ನಮ್ಮ ಮನೆಗಳು. ದುಂಡನೆಯ ಮನೆಯಲ್ಲಿ ಮಂಚವನ್ನು ಯಾವ ಕಡೆ ಸರಿಸಿದರೂ ಹಿಂದೆ ಒಂದು ಸಂದಿ ಉಳಿಯುತ್ತದೆ, ಆ ಸಂದಿಯಲ್ಲಿ ಇಲಿ ಇರುತ್ತದೆ. ಸಜ್ಜೆ, ನವಣೆ ಯಾವುದನ್ನೂ ಬಿಡುವುದಿಲ್ಲ. ಹಿಂದೆ ಹಾವುಗಳು ಇಲಿ ತಿನ್ನುತ್ತಿದ್ದವಂತೆ. ನಮ್ಮ ಮುತ್ತಜ್ಜಿಯ ಕಾಲಕ್ಕೇ ಈ ಸೀಮೆಯಲ್ಲಿ ಹಾವಿನ ಸಂತತಿ ಮುಗಿಯಿತೆಂದು ನಾವೆಲ್ಲ ನಂಬಿದ್ದೆವು. ಅದಕ್ಕೇ ಹರಿಕಗಳನ್ನು ಸಾಕುತ್ತೇವೆ. ಹರಿಕ ಎಂದರೆ ಹರಿದಾಡುವ ಯಂತ್ರ. ಗೇಣುದ್ದ ಇರುತ್ತದೆ, ಥೇಟ್ ಹಾವಿನ ಆಕಾರ. ಇಲಿಯನ್ನು ಬೆದರಿಸಿ ಓಡಿಸುತ್ತದೆ, ಯಾರನ್ನೂ ಕಚ್ಚುವುದಿಲ್ಲ. ಒಂದೊಂದು ಊರಿನ ಹರಿಕಕ್ಕೆ ಒಂದೊಂದು ಬಣ್ಣ. ನಮ್ಮವು ನೀಲಿ, ಗುಡ್ಡದಾಚೆಯ ಗಾಳಿಕೊಪ್ಪದವು ಅರಿಶಿನ. ದಾರಿ ತಪ್ಪಿದ ಹರಿಕ ಸಿಕ್ಕರೆ ಅದನ್ನು ಅಂಗೈಯಲ್ಲಿಟ್ಟು ಬಿಸಿ ಕೊಡಬೇಕು, ಅದು ನಡೆಯುವುದೇ ನಮ್ಮ ಮೈಯ ಬಿಸಿಯಿಂದ. ಆಮೇಲೆ ಅದರ ಊರಿಗೆ ಮುಟ್ಟಿಸಬೇಕು. ಮುಟ್ಟಿಸಿದವರನ್ನು ಆ ಊರಿನವರು ಶೇಂಗಾ ಹೋಳಿಗೆ ಉಣ್ಣಿಸದೆ ಕಳಿಸುವಂತಿಲ್ಲ. ನನ್ನ ಗಂಡ ಬಾಳಪ್ಪನವರಿಗೆ ದೇವರ ಮೇಲೆ ಅಷ್ಟಕ್ಕಷ್ಟೇ, ಈ ಪದ್ಧತಿಯ ಮೇಲೆ ಮಾತ್ರ ವಿಪರೀತ ಭಕ್ತಿ.

ಮೊನ್ನೆ ಬೆಳಿಗ್ಗೆ ಇಬ್ಬರೂ ಹುಲ್ಲು ಕೊಯ್ಯಲು ಇಳಿಜಾರಿಗೆ ಹೋಗಿದ್ದೆವು. ಒಂದು ಹಾಸುಗಲ್ಲಿನ ಅಂಚಿನಲ್ಲಿ, ಎಳೆಬಿಸಿಲು ಬೀಳುವ ಕಡೆ, ಅರಿಶಿನ ಬಣ್ಣದ್ದೊಂದು ಸುರುಳಿ ಸುತ್ತಿಕೊಂಡು ಕುಳಿತಿತ್ತು. ನನ್ನ ಅಂಗೈಯಷ್ಟೂ ಇರಲಿಲ್ಲ. ಬಾಳಪ್ಪನವರ ಮುಖ ಅರಳಿತು. “ಗಾಳಿಕೊಪ್ಪದ್ದು ನೋಡ. ಇವತ್ತ ಮಧ್ಯಾಹ್ನದ ಊಟ ಅಲ್ಲೇ” ಎಂದರು. ಅಷ್ಟರಲ್ಲಿ ಅದು ಮೈಗೆ ಮೈ ತಿಕ್ಕಿಕೊಂಡು, ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ ಚರ್‍ ಚರ್‍ ಎನ್ನತೊಡಗಿತು. ನೀವಾಗಿದ್ದರೆ ಆ ಸದ್ದಿಗೇ ಹಿಂದಕ್ಕೆ ಹಾರುತ್ತಿದ್ದಿರಿ. ನಮ್ಮವರು ಮರುಗಿದರು. “ಪಾಪ, ಒಳಗಿನ ಚಕ್ರ ಸವದಾವ. ಆ ಮಂದಿಗೆ ಎಣ್ಣಿ ಹಾಕೂವಷ್ಟೂ ತಿಳವಳಿಕಿ ಇಲ್ಲ” ಎಂದು ಸೊಂಟದ ಕುಡಿಕೆ ಬಿಚ್ಚಿದರು. ಎರಡು ಹನಿ ಸಾಕು, ಔಡಲೆಣ್ಣೆ ತುಟ್ಟಿಯಾಗಿದೆ ಎಂದು ನಾನು ಹೇಳಿದೆ.

ಅವರು ಬಿಸಿ ತಾಗಲೆಂದು ಎಡಗೈಯನ್ನು ಅದರ ಪಕ್ಕಕ್ಕೆ ಚಾಚಿ, ಬಲಗೈಯಿಂದ ಬೆನ್ನಿಗೆ ಎಣ್ಣೆ ಬಿಟ್ಟರು. ಅದು ಎಗರಿದ್ದು ಕಣ್ಣಿಗೆ ಕಾಣಲೇ ಇಲ್ಲ. ಹೆಬ್ಬೆರಳಿನ ಬುಡದಲ್ಲಿ ಎರಡು ಕೆಂಪು ಚುಕ್ಕೆ ಮೂಡಿದವು. “ಫಕೀರವ್ವ, ಹರಿಕಕ್ಕ ಹಲ್ಲು ಯಾರ ಇಟ್ರು?” ಎಂದು ಸಣ್ಣ ದನಿಯಲ್ಲಿ ಕೇಳಿದರು. ಮೈಯೆಲ್ಲ ಎಣ್ಣೆಯಾದ ಆ ಜೀವ ಅಡ್ಡಡ್ಡ ಹರಿದು ಕಲ್ಲಿನಡಿ ಸೇರಿತು. ಯಂತ್ರಕ್ಕೆ ಅಷ್ಟು ಸಿಟ್ಟು ಬರುವುದಿಲ್ಲ. ನಾನು ಕುಡುಗೋಲು ಎಸೆದು ಬಂಡಿಯತ್ತ ಓಡಿದೆ.

ಹುಲ್ಲಿನ ಬಂಡಿಯಲ್ಲಿ ಮಲಗಿಸಿಕೊಂಡು, ಆ ಕೈ ಅಲುಗಾಡದಂತೆ ಹಿಡಿದು, ನಮ್ಮ ಓಣಿಯ ಡಾಕ್ಟರು ಹುಸೇನಬಿಯ ಮನೆಗೆ ತಂದೆ. ಚರ್‍ ಚರ್‍ ಎಂದಿತೆಂದು ನಾನು ಹೇಳಿದ್ದೇ ಅವಳ ಮುಖ ಬಿಳಿಚಿಕೊಂಡಿತು. ಅದು ಉರಿಮಂಡಲವೆಂಬ ನಿಜವಾದ ಹಾವಂತೆ. ಗಾತ್ರ ಸಣ್ಣದು, ವಿಷ ದೊಡ್ಡದು. ಒಳಗಿಳಿದರೆ ರಕ್ತ ಹೆಪ್ಪುಗಟ್ಟುವುದನ್ನೇ ಮರೆತು ಹರಿಯುತ್ತಲೇ ಇರುತ್ತದೆ. ಅದಕ್ಕೆ ಮದ್ದು ನಿಮ್ಮಲ್ಲಿದೆ. ಹಾವೇ ಇಲ್ಲವೆಂದು ನಾವು ಅದನ್ನು ಮಾಡುವುದನ್ನು ಬಿಟ್ಟು ತಲೆಮಾರುಗಳಾದವು. ಅವಳ ಕೈಲಿ ಆಗುತ್ತಿದ್ದದ್ದು ಒಂದೇ ಪರೀಕ್ಷೆ. ಅವರ ರಕ್ತವನ್ನು ಒಂದಿಷ್ಟು ಗಾಜಿನ ನಳಿಕೆಗೆ ತೆಗೆದು ಅಲುಗಿಸದೆ ಇಟ್ಟಳು. ಇಪ್ಪತ್ತು ನಿಮಿಷದೊಳಗೆ ಗಟ್ಟಿಯಾದರೆ ವಿಷ ಇಳಿದಿಲ್ಲ, ನೀರಾಗಿಯೇ ಉಳಿದರೆ ಇಳಿದಿದೆ.

ನನಗೆಲ್ಲಿಯ ತಾಳ್ಮೆ. ಅವಳು ಕೈ ತೊಳೆಯಲು ಎದ್ದಾಗ ನಳಿಕೆಯನ್ನು ಎತ್ತಿ ಓರೆ ಮಾಡಿ ನೋಡಿಯೇಬಿಟ್ಟೆ. ರಕ್ತ ಸರಸರನೆ ಹರಿಯಿತು. ನಾನು ಬಾಯಿ ಬಡಿದುಕೊಂಡು ಅತ್ತೆ. ಮಂಚದ ಮೇಲಿದ್ದ ಬಾಳಪ್ಪನವರು ನನ್ನ ಮುಖ ನೋಡಿ, ತಮ್ಮದಾಯಿತೆಂದು ತಿಳಿದು, ಕರಿ ಆಕಳನ್ನು ತಮ್ಮ ತಂಗಿಗೆ ಕೊಡು ಎಂದರು. ಹುಸೇನಬಿ ಓಡಿ ಬಂದು ನಳಿಕೆ ಕಸಿದುಕೊಂಡಳು. “ಹೆಪ್ಪ ಹಾಕಿದ ಗಡಿಗಿ ಅಳ್ಳಾಡಿಸಿದ್ರ ಮಸರ ಆಕ್ಕೈತೇನ್‍ಬೇ ಯಕ್ಕಾ? ಸುಮ್ಮ ಕುಂದ್ರು” ಎಂದು ಬೈದಳು. ಇನ್ನೊಂದು ನಳಿಕೆಗೆ ಹೊಸದಾಗಿ ರಕ್ತ ತೆಗೆದು, ಈ ಸಲ ನನ್ನ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡು ಕುಳಿತಳು. ಅಷ್ಟು ಹೊತ್ತು ನಾನು ಯಾವ ದೇವರನ್ನು ನೆನೆದೆನೋ ನನಗೇ ನೆನಪಿಲ್ಲ.

ಆಮೇಲೆ ಅವಳು ನಳಿಕೆಯನ್ನು ಓರೆ ಮಾಡಿದಳು. ಹರಿಯಲಿಲ್ಲ. ತಲೆಕೆಳಗು ಮಾಡಿದಳು. ಗಟ್ಟಿ ಮೊಸರಿನ ಹಾಗೆ ನಿಂತಿತ್ತು. ಸಂಜೆಯವರೆಗೂ ಮತ್ತೆ ಮತ್ತೆ ನೋಡಿದಳು, ಮರುದಿನವೂ ನೋಡಿದಳು, ಪ್ರತಿಸಲವೂ ಹೆಪ್ಪುಗಟ್ಟಿತು. ಹಾವು ಹಲ್ಲು ಮಾತ್ರ ಊರಿತ್ತು, ವಿಷವನ್ನು ತನ್ನ ಹತ್ತಿರವೇ ಇಟ್ಟುಕೊಂಡಿತ್ತು. ಕಚ್ಚುವಾಗ ಒಮ್ಮೊಮ್ಮೆ ಹಾಗೂ ಆಗುತ್ತದಂತೆ. ಬಾಳಪ್ಪನವರು ಎದ್ದು ಕುಳಿತು, ಆಕಳನ್ನು ಕೊಡಬೇಡ ಎಂದರು. ನಾನು ಅತ್ತೆ, ನಕ್ಕೆ, ಅವರಿಗೆ ಬಾಯಿತುಂಬ ಬೈದೆ.

ಆ ಜಾತಿಯ ಹಾವಿನ ಸಹಜ ಬಣ್ಣ ನಮ್ಮ ಗುಡ್ಡದ ಮಣ್ಣಿನದೇ ಎಂದು ಹುಸೇನಬಿ ಹೇಳಿದ್ದು ಆಮೇಲೆ. ಅರಿಶಿನದ್ದು ಹುಟ್ಟುವುದು ಬಹಳ ಅಪರೂಪ. ಅಂದರೆ ಅದಕ್ಕೊಬ್ಬಳು ಮಣ್ಣಿನ ಬಣ್ಣದ ತಾಯಿ ಇದ್ದಾಳೆ, ಆ ತಾಯಿಗೂ ಒಬ್ಬಳು ತಾಯಿ. ನಾವು ಮುಗಿದುಹೋದವೆಂದು ಮರುಗುತ್ತಿದ್ದ ಕಾಲವೆಲ್ಲ ಅವು ನಮ್ಮ ಕಾಲಬುಡದ ಕಲ್ಲುಗಳಡಿಯಲ್ಲೇ, ಯಾರ ಕಣ್ಣಿಗೂ ಬೀಳದೆ ಸಂಸಾರ ಮಾಡಿಕೊಂಡಿದ್ದವು. ಬಣ್ಣಗೆಟ್ಟು ಹುಟ್ಟಿದ ಒಂದು ನಮ್ಮ ಕಣ್ಣಿಗೆ ಬಿತ್ತು. ಅದನ್ನು ಕೇಳಿ ನನ್ನ ಎದೆ ಎಷ್ಟು ಹಗುರಾಯಿತೆಂದರೆ, ಗಂಡ ಉಳಿದ ಸಂತೋಷ ಯಾವುದು, ಈ ಸಂತೋಷ ಯಾವುದು ಎಂದು ಬೇರೆ ಮಾಡಲು ಬರಲಿಲ್ಲ.

ಅದಕ್ಕೇ ಈ ಓಲೆ. ನಿಮ್ಮಲ್ಲಿ ಯಾರೋ ಒಬ್ಬರು ಒಂದು ದಿನ ಈ ಗುಡ್ಡಕ್ಕೆ ಬರುತ್ತೀರಿ. ಕುರಿಯ ಹಿಂದೆಯೋ, ಸೌದೆಗೋ, ಸುಮ್ಮನೆ ಗಾಳಿಗೋ. ಕಲ್ಲೊಂದನ್ನು ಹೊರಳಿಸಿದಾಗ ಮಣ್ಣಿನ ಬಣ್ಣದ ಪುಟ್ಟ ಹಾವೊಂದು ಸದ್ದು ಮಾಡುತ್ತದೆ. ಹಿಂದೆ ಸರಿಯಿರಿ. ಕೈ ಹಾಕಬೇಡಿ, ಕೋಲನ್ನೂ ಎತ್ತಬೇಡಿ. ನೀವು ಅದನ್ನು ಕೊಂದರೆ ನಮ್ಮ ಗುಡ್ಡದಲ್ಲಿ ಹಾವಿನ ಸಂತತಿ ನಿಜಕ್ಕೂ ಮುಗಿದೀತು. ಬಿಟ್ಟರೆ, ಅದರ ಮೊಮ್ಮಕ್ಕಳ ಮೊಮ್ಮಗಳೊಬ್ಬಳು ನನ್ನ ಗಂಡನ ಕೈ ಕಚ್ಚುತ್ತಾಳೆ. ಗೊತ್ತಿದ್ದೂ ಕೇಳುತ್ತಿದ್ದೇನೆ, ಬಿಟ್ಟುಬಿಡಿ.

ಇನ್ನೂ ಹುಟ್ಟದ ನಿಮ್ಮ
ಫಕೀರವ್ವ